ಕಿಲ್ನ್ ಗಾಜಿನ ಕಲಾವಿದರು ಯಾವ ಸಮ್ಮೇಳನಕ್ಕೆ ಹೋಗಬೇಕು?

ಗಾಜು ಊದುವ ಕೆಲಸವನ್ನು ವೇದಿಕೆಯ ಮೇಲೆ ತೋರಿಸಬಹುದು. ಧಗಧಗ ಉರಿಯುವ ಕುಲುಮೆ, ಕೊಳವೆಯ ತುದಿಯಲ್ಲಿ ಜೋಲುವ ಕೆಂಪು ಗಾಜು, ಸುತ್ತ ನಾಲ್ಕು ಜನರ ಓಡಾಟ. ನೋಡನೋಡುತ್ತಲೇ ಒಂದು ಹೂಜಿ ತಯಾರಾಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಿಲ್ನ್ ಗಾಜಿನಲ್ಲಿ, ಅಂದರೆ ಮುಚ್ಚಿದ ಗೂಡಿನ ಶಾಖದಲ್ಲಿ ರೂಪ ಕೊಡುವ ಗಾಜಿನಲ್ಲಿ, ಹಾಗಿಲ್ಲ. ಹಾಳೆ ಕತ್ತರಿಸಿ, ಜೋಡಿಸಿ, ಕಿಲ್ನ್ ಒಳಗಿಟ್ಟು ಬಾಗಿಲು ಹಾಕಿದರೆ ಮುಗಿಯಿತು. ಮುಂದಿನ ಹದಿನೈದು ಇಪ್ಪತ್ತು ಗಂಟೆ ಕಣ್ಣಿಗೆ ಬೀಳುವುದು ಶಾಖ ನಿಯಂತ್ರಿಸುವ ಕಂಟ್ರೋಲರ್ ಮೇಲಿನ ಅಂಕಿ ಮಾತ್ರ. ದಪ್ಪ ಕಾಸ್ಟಿಂಗ್ (ಅಚ್ಚಿನೊಳಗೆ ಗಾಜು ಕರಗಿಸಿ ಮಾಡುವ ಕೆಲಸ) ಆದರೆ ದಿನಗಟ್ಟಲೆ ಕಾಯಬೇಕು.

ಸಮ್ಮೇಳನ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಈ ಕೆಲಸವನ್ನು ಆ ಕೂಟದವರು ಹೇಗೆ ತೋರಿಸುತ್ತಾರೆ? ಯಾವ ಊರು, ಯಾರು ಭಾಷಣಕಾರರು ಅನ್ನುವುದೆಲ್ಲ ಆಮೇಲೆ. ಬೆಂಗಳೂರಿನಿಂದ ಹೋಗುವವರಿಗೆ ವಿಮಾನ, ವೀಸಾ, ವಸತಿ, ಅಷ್ಟು ದಿನ ಸ್ಟುಡಿಯೋ ಮುಚ್ಚಿದ ನಷ್ಟ ಎಲ್ಲ ಸೇರಿದರೆ ಒಂದು ಸಣ್ಣ ಕಿಲ್ನ್ ಕೊಳ್ಳುವಷ್ಟು ದುಡ್ಡು. ಸುಮ್ನೆ ನೋಡಿಕೊಂಡು ಬರೋಣ ಅನ್ನುವಂಥ ಖರ್ಚಲ್ಲ ಅದು. ಅಮೆರಿಕದಲ್ಲೇ ಇರುವವರ ಲೆಕ್ಕ ಬೇರೆ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಇಂಟೆಲ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡದವರಿದ್ದಾರೆ. ಕಿಲ್ನ್ ಗಾಜಿನ ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಕೇಳಿಬರುವ ಊರು ಅವರ ಮನೆಬಾಗಿಲಲ್ಲೇ ಇದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಬೀಕಾನ್, ಪೋರ್ಟ್‌ಲ್ಯಾಂಡ್

ಬುಲ್ಸ್‌ಐ ಗ್ಲಾಸ್ ಕಂಪನಿ ಶುರುವಾಗಿದ್ದು 1974ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಡ್ಯಾನ್ ಶ್ವೋರರ್, ಬಾಯ್ಸ್ ಲುಂಡ್‌ಸ್ಟ್ರಾಮ್, ರೇ ಆಲ್‌ಗ್ರೆನ್ ಎಂಬ ಮೂವರು ಸೇರಿ ಕಟ್ಟಿದ ಕಾರ್ಖಾನೆ. ಆಗ ಅವರು ಮಾಡುತ್ತಿದ್ದದ್ದು ಸ್ಟೇನ್ಡ್ ಗ್ಲಾಸ್ ಕಿಟಕಿಗಳಿಗೆ ಬೇಕಾದ ಬಣ್ಣದ ಹಾಳೆ. 1979ರಲ್ಲಿ ಪಿಲ್ಚಕ್ ಗಾಜಿನ ಶಾಲೆಯಲ್ಲಿ ಜರ್ಮನಿಯ ಕಲಾವಿದ ಕ್ಲಾಸ್ ಮೋಯೆ ಅವರಿಗೂ ಲುಂಡ್‌ಸ್ಟ್ರಾಮ್ ಅವರಿಗೂ ಪರಿಚಯವಾಯಿತು. ಒಂದಕ್ಕೊಂದು ಬೆಸೆದರೂ ಒಡೆಯದ ಬಣ್ಣದ ಗಾಜು ಬೇಕು ಅನ್ನುವುದು ಮೋಯೆ ಅವರ ಬೇಡಿಕೆ. ಬಣ್ಣ ಬಣ್ಣಕ್ಕೂ ಗಾಜು ಹಿಗ್ಗುವ ಕುಗ್ಗುವ ಪ್ರಮಾಣ ಬೇರೆ. ಎರಡನ್ನು ಕರಗಿಸಿ ಬೆಸೆದರೆ ತಣಿಯುವಾಗ ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಮ್ಮಿ. ಅಲ್ಲಿಗೆ ಬಿರುಕು ಗ್ಯಾರಂಟಿ. ಎಲ್ಲ ಬಣ್ಣಗಳೂ ಹೊಂದಿಕೊಳ್ಳುವಂತೆ ಪರೀಕ್ಷಿಸಿದ ಗಾಜನ್ನು ಕಂಪನಿ 80ರ ದಶಕದಲ್ಲಿ ತಯಾರಿಸತೊಡಗಿತು. ಇವತ್ತು ನಾವು ‘90 ಗಾಜು’ ಅಂತ ಕರೆಯುವುದು ಈ ಸಾಲಿನದ್ದನ್ನು. 90 ಅನ್ನುವುದು ಗಾಜು ಹಿಗ್ಗುವ ಪ್ರಮಾಣದ ಅಂಕಿ.

ಈ ಕಂಪನಿ ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದ ಸಮ್ಮೇಳನವೇ ಬೀಕಾನ್. ಸಂಪೂರ್ಣವಾಗಿ ಕಿಲ್ನ್ ಗಾಜಿಗೇ ಮೀಸಲು. ಪ್ರತಿ ಸಲ ಒಂದು ವಿಷಯ ಇಟ್ಟುಕೊಳ್ಳುತ್ತಾರೆ. 2013ರಲ್ಲಿ ಚರ್ಚೆ ಪೂರ್ತಿ ಬಣ್ಣದ ಸುತ್ತ ನಡೆಯಿತು. ಉಪನ್ಯಾಸ, ಚರ್ಚೆ, ಪ್ರದರ್ಶನ ಜೊತೆಗೆ ಮುಂಚೆ ಅಥವಾ ಆಮೇಲೆ ಕಾರ್ಯಾಗಾರ ಅನ್ನುವುದು ಅದರ ಸಾಮಾನ್ಯ ರೀತಿ.

ಇದರ ದೊಡ್ಡ ಅನುಕೂಲ, ಅಲ್ಲಿಗೆ ಬಂದ ಎಲ್ಲರೂ ಕಿಲ್ನ್ ಭಾಷೆ ಮಾತಾಡುವವರು. ‘ನನ್ನ ಬಟ್ಟಲ ಅಂಚು 670 ಡಿಗ್ರಿಗೇ ಒಳಗೆ ಎಳೆದುಕೊಂಡಿತು’ ಅಂದರೆ ಪಕ್ಕದಲ್ಲಿ ಕೂತವರಿಗೆ ಕೂಡಲೇ ಅರ್ಥವಾಗುತ್ತದೆ. ಅಚ್ಚಿನ ಆಳ ಎಷ್ಟು, ಎಷ್ಟು ಹೊತ್ತು ಹಿಡಿದಿದ್ರಿ ಅಂತ ವಾಪಸ್ ಕೇಳುತ್ತಾರೆ. ಎಲ್ಲ ಬಗೆಯ ಗಾಜಿನವರು ಬರುವ ಕೂಟದಲ್ಲಿ ಇಂಥ ಮಾತಿಗೆ ಜೊತೆ ಸಿಗುವುದೇ ಕಷ್ಟ.

ಎರಡನೆಯ ಅನುಕೂಲ ಸ್ಯಾಂಪಲ್‌ಗಳದ್ದು. ಕಿಲ್ನ್ ಒಳಗೆ ನಡೆದದ್ದನ್ನು ತೋರಿಸಲು ಇರುವ ನಿಜವಾದ ದಾರಿ ಸುಟ್ಟ ತುಂಡುಗಳನ್ನು ಸಾಲಾಗಿ ಇಡುವುದೇ. ಒಂದೇ ಜೋಡಣೆಯ ನಾಲ್ಕು ಬಿಲ್ಲೆ ತೆಗೆದುಕೊಳ್ಳಿ. 3 ಮಿ.ಮೀ. ಬಿಳಿ ಹಾಳೆ ಕೆಳಗೆ, ಮೇಲೆ ಬಣ್ಣದ ಪಟ್ಟಿಗಳು. ಮೊದಲನೆಯದನ್ನು 677 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಿದೆ. ಪಟ್ಟಿಯ ಅಂಚನ್ನು ಬೆರಳಿಂದ ಸವರಿದರೆ ಕತ್ತರಿಸಿದ ಚೂಪು ಹೆಚ್ಚುಕಮ್ಮಿ ಹಾಗೇ ಇದೆ. ಎರಡನೆಯದು 740. ಪಟ್ಟಿ ಅಂಟಿಕೊಂಡಿದೆ, ಅಂಚು ದುಂಡಗಾಗಿದೆ, ಆದರೆ ಎತ್ತರ ಹಾಗೇ ಉಳಿದಿದೆ. ಮೂರನೆಯದು 770. ಪಟ್ಟಿ ಅರ್ಧ ಮುಳುಗಿ, ಕೈಗೆ ಸಣ್ಣ ಉಬ್ಬು ಮಾತ್ರ ಸಿಗುತ್ತದೆ. ನಾಲ್ಕನೆಯದು 804. ಎಲ್ಲ ಸಮತಟ್ಟು, ಬಣ್ಣದ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ಈ ನಾಲ್ಕು ಬಿಲ್ಲೆ ಕೈಯಲ್ಲಿ ಹಿಡಿದವರಿಗೆ ಚಾರ್ಟ್ ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ. ಕಿಲ್ನ್ ಸಮ್ಮೇಳನ ಒಳ್ಳೆಯದೋ ಅಲ್ಲವೋ ಅಂತ ತಿಳಿಯಬೇಕಾದರೆ, ಮಾತಾಡುವವರು ಇಂಥ ತುಂಡುಗಳನ್ನು ತರುತ್ತಾರಾ ಅಥವಾ ಮುಗಿದ ಕಲಾಕೃತಿಯ ಫೋಟೋ ಮಾತ್ರ ತೋರಿಸುತ್ತಾರಾ ಅಂತ ವಿಚಾರಿಸಿ.

ಬಣ್ಣದ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ತಾಮ್ರ ಇರುವ ನೀಲಿ ಹಾಳೆಯ ಪಕ್ಕ ಗಂಧಕ ಇರುವ ಕೆನೆಬಣ್ಣದ ಹಾಳೆ ಇಟ್ಟು ಸುಡಿ. ಎರಡೂ ಸೇರುವ ಜಾಗದಲ್ಲಿ ಕಂದುಗಪ್ಪು ಗೆರೆ ಮೂಡುತ್ತದೆ, ಪೆನ್ನಲ್ಲಿ ಎಳೆದ ಹಾಗೆ. ಸುಡುವ ಮುಂಚೆ ಅದರ ಸುಳಿವೇ ಇರುವುದಿಲ್ಲ. ಗೊತ್ತಿಲ್ಲದವರಿಗೆ ಇದು ಕೆಟ್ಟುಹೋದ ಕೆಲಸ. ಗೊತ್ತಿದ್ದವರಿಗೆ ಚಿತ್ರ ಬರೆಯುವ ಒಂದು ವಿಧಾನ. ಗೆರೆ ಎಷ್ಟು ಅಗಲ ಬರುತ್ತದೆ, ಎಷ್ಟು ಹೊತ್ತು ಕಾಯಿಸಿದರೆ ಕಪ್ಪಾಗುತ್ತದೆ ಅನ್ನುವುದನ್ನೆಲ್ಲ ಹತ್ತು ಜನರ ಸ್ಯಾಂಪಲ್ ಒಟ್ಟಿಗೆ ನೋಡಿದಾಗ ಬೇಗ ಕಲಿಯಬಹುದು.

ಬೀಕಾನ್‌ನ ಮಿತಿಯನ್ನೂ ಹೇಳಬೇಕು. ಗಾಜು ಮಾರುವ ಕಂಪನಿಯೇ ಸಮ್ಮೇಳನ ನಡೆಸುವುದರಿಂದ ಮಾತು ಹೆಚ್ಚಾಗಿ ಅವರ ಗಾಜಿನ ಸುತ್ತಲೇ ತಿರುಗುತ್ತದೆ. ನೀವು ಹಿಗ್ಗುವ ಅಂಕಿ 96 ಇರುವ ಇನ್ನೊಂದು ಸಾಲಿನ ಗಾಜು ಬಳಸುವವರಾದರೆ ಉಷ್ಣಾಂಶದ ಅಂಕಿಗಳನ್ನೆಲ್ಲ ನಿಮ್ಮ ಗಾಜಿಗೆ ಹೊಂದಿಸಿಕೊಳ್ಳಬೇಕು. ಮನೆಕಿಟಕಿಯ ಫ್ಲೋಟ್ ಗಾಜಿನಲ್ಲಿ ಕೆಲಸ ಮಾಡುವವರಿಗೆ ಅಲ್ಲಿನ ಬಣ್ಣಗಳು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ, ಹಿಗ್ಗುವ ಪ್ರಮಾಣ ಬೇರೆ. ನಮ್ಮಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಫ್ಲೋಟ್ ಗಾಜೇ ಅಲ್ವಾ? ಹಾಗಾಗಿ ಭಾರತದಿಂದ ಹೋಗುವವರು ಇದನ್ನು ಮೊದಲೇ ಯೋಚಿಸಬೇಕು.

ಇನ್ನೊಂದು ವಿಷಯವೂ ಇದೆ. 2016ರಲ್ಲಿ ಪೋರ್ಟ್‌ಲ್ಯಾಂಡ್‌ನ ಮರಗಳ ಮೇಲಿನ ಪಾಚಿ ಪರೀಕ್ಷಿಸಿದ ಅಧ್ಯಯನದ ವಿವರ ಹೊರಬಿತ್ತು. ಈ ಕಾರ್ಖಾನೆಯ ಸುತ್ತ ಕ್ಯಾಡ್ಮಿಯಂ ಜಾಸ್ತಿ ಇದೆ ಅಂತ ತಿಳಿಯಿತು. ಹಳದಿ, ಕಿತ್ತಳೆ, ಕೆಂಪು ಬಣ್ಣಕ್ಕೆ ಬೇಕಾಗುವ ಲೋಹ ಅದು. ಅಕ್ಕಪಕ್ಕದವರು ಕೋರ್ಟಿಗೆ ಹೋದರು, ರಾಜ್ಯ ಸರ್ಕಾರ ಬಣ್ಣದ ಗಾಜಿನ ಕಾರ್ಖಾನೆಗಳಿಗೆ ಹೊಸ ನಿಯಮ ತಂದಿತು, ಹೊಗೆ ಸೋಸುವ ವ್ಯವಸ್ಥೆ ಬಂತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಸ್ಪೆಕ್ಟ್ರಮ್ ಕಾರ್ಖಾನೆ ಬಾಗಿಲು ಹಾಕಿತು. 96 ಗಾಜನ್ನೇ ನಂಬಿದ್ದವರು ಕಂಗಾಲಾದರು. ಆಮೇಲೆ ಓಷನ್‌ಸೈಡ್ ಕಂಪನಿ ಆ ಸಾಲನ್ನು ವಹಿಸಿಕೊಂಡಿತು. ನಮ್ಮ ಬಣ್ಣ ಎಲ್ಲಿಂದ ಬರುತ್ತದೆ, ಅದನ್ನು ಮಾಡುವವರ, ಪಕ್ಕದಲ್ಲಿ ವಾಸಿಸುವವರ ಆರೋಗ್ಯ ಏನಾಗುತ್ತದೆ, ನಾಳೆ ಆ ಬಣ್ಣ ಸಿಗುತ್ತದಾ ಅನ್ನುವ ಪ್ರಶ್ನೆಗಳು ಕಲಾವಿದರಿಗೆ ಬೇಕಾದವು. ಕಂಪನಿಯ ಸಮ್ಮೇಳನಕ್ಕೆ ಹೋದಾಗ ಇವನ್ನು ಎದ್ದುನಿಂತು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರ್ಖಾನೆಯವರೇ ಎದುರಿಗೆ ಸಿಗುವ ಜಾಗ ಬೇರೆ ಯಾವುದಿದೆ?

ಗ್ಲಾಸ್ ಆರ್ಟ್ ಸೊಸೈಟಿಯ ಸಮ್ಮೇಳನ

ಇದು ದೊಡ್ಡದು, ಹಳೆಯದು. 1971ರಲ್ಲಿ ನಾರ್ತ್ ಕೆರೊಲೈನಾದ ಪೆನ್‌ಲ್ಯಾಂಡ್‌ನಲ್ಲಿ ಕೆಲವೇ ಜನ ಕಲಾವಿದರು ಸೇರಿ ಶುರುಮಾಡಿದ ಸಂಘ. ಈಗ ಸಮ್ಮೇಳನ ಒಂದೊಂದು ಸಲ ಒಂದೊಂದು ಊರಿಗೆ ಹೋಗುತ್ತದೆ. 2018ರಲ್ಲಿ ಇಟಲಿಯ ಮುರಾನೊ, 2022ರಲ್ಲಿ ಟಕೋಮಾ, 2023ರಲ್ಲಿ ಡೆಟ್ರಾಯಿಟ್, 2024ರಲ್ಲಿ ಬರ್ಲಿನ್. ಊದುವವರು, ದೀಪದ ಜ್ವಾಲೆಯಲ್ಲಿ ಮಣಿ ಮಾಡುವವರು, ನಿಯಾನ್ ಬಗ್ಗಿಸುವವರು, ಕೆತ್ತುವವರು, ಮ್ಯೂಸಿಯಮ್‌ನವರು, ಗ್ಯಾಲರಿಯವರು, ಪಾಠ ಮಾಡುವವರು, ವಿದ್ಯಾರ್ಥಿಗಳು ಎಲ್ಲರೂ ಬರುತ್ತಾರೆ.

ಮೊದಲು ಹೇಳಿದ ತೊಂದರೆ ಇಲ್ಲಿ ಎದ್ದು ಕಾಣುತ್ತದೆ. ಜನ ಮುಗಿಬೀಳುವುದು ಬಿಸಿ ಗಾಜಿನ ಪ್ರದರ್ಶನಕ್ಕೆ. ಕಿಲ್ನ್ ಕೆಲಸಕ್ಕೆ ಕಾರ್ಯಕ್ರಮಪಟ್ಟಿಯಲ್ಲಿ ಜಾಗ ಇರುತ್ತದೆ, ಆದರೆ ಅದು ಹಲವು ಬಗೆಗಳಲ್ಲಿ ಒಂದು. ಕಿಲ್ನ್ ತಂತ್ರ ಕಲಿಯುವ ಆಸೆಯಿಂದ ಇಷ್ಟು ದೂರ ಹೋದರೆ ನಿರಾಸೆಯಾಗುತ್ತದೆ.

ಹಾಗಂತ ಬೇಡ ಅನ್ನುವುದಿಲ್ಲ. ಎರಡು ಕಾರಣಕ್ಕೆ ನಾನು ಇದನ್ನು ಹೊಗಳುತ್ತೇನೆ. ಒಂದು, ಕೋಲ್ಡ್ ವರ್ಕಿಂಗ್. ಕಿಲ್ನ್‌ನಿಂದ ಹೊರಬಂದ ಗಾಜಿಗೆ ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಅಂಚು ಉಜ್ಜಬೇಕು, ಮೇಲ್ಮೈ ಸಮ ಮಾಡಬೇಕು, ಮರಳು ಸಿಡಿಸಿ ಮಬ್ಬು ಮಾಡಬೇಕು ಇಲ್ಲವೇ ಸೀರಿಯಂ ಆಕ್ಸೈಡ್ ಹಾಕಿ ಹೊಳಪು ತರಬೇಕು. ಇದನ್ನು ವೇದಿಕೆ ಮೇಲೆ ತೋರಿಸಬಹುದು, ಚಕ್ರ ತಿರುಗುವಾಗ ಕಲಾವಿದರು ಗಾಜನ್ನು ಯಾವ ಕೋನದಲ್ಲಿ ಹಿಡಿಯುತ್ತಾರೆ, ನೀರು ಎಷ್ಟು ಬಿಡುತ್ತಾರೆ, ಯಾವಾಗ ಕೈ ಎತ್ತುತ್ತಾರೆ ಅಂತ ಹತ್ತಿರದಿಂದ ನೋಡಬಹುದು. ಕಿಲ್ನ್ ಕಲಾವಿದರು ಬಿಸಿ ಗಾಜಿನ ಪ್ರದರ್ಶನ ಬಿಟ್ಟು ಇಲ್ಲಿ ಮುಂದಿನ ಸಾಲಲ್ಲಿ ಕೂರಬೇಕು. ನಾನು ನೋಡಿದ ಎಷ್ಟೋ ಕಿಲ್ನ್ ಕೃತಿಗಳು ಸೋಲುವುದು ಸುಡುವುದರಲ್ಲಲ್ಲ, ಮುಗಿಸುವುದರಲ್ಲಿ.

ಇನ್ನೊಂದು ಕಾರಣ ಜನ. ನಿಮ್ಮ ಕೆಲಸ ಒಂದು ಹಂತಕ್ಕೆ ಬಂದಿದೆ, ಹತ್ತು ಹನ್ನೆರಡು ಒಳ್ಳೆಯ ಕೃತಿಗಳಿವೆ, ಇದನ್ನು ಯಾರಿಗೆ ತೋರಿಸುವುದು ಅಂತ ಗೊತ್ತಿಲ್ಲ ಅನ್ನುವ ಸ್ಥಿತಿಯಲ್ಲಿದ್ದರೆ, ಪ್ರದರ್ಶನಕ್ಕೆ ಕೃತಿ ಆರಿಸುವವರು, ಕಲೆಯ ಬಗ್ಗೆ ಬರೆಯುವವರು, ರೆಸಿಡೆನ್ಸಿ (ಅಲ್ಲೇ ಉಳಿದು ಕೆಲಸ ಮಾಡುವ ಅವಕಾಶ) ಕೊಡುವ ಸಂಸ್ಥೆಗಳವರು ಒಂದೇ ಕಡೆ ಸಿಗುವುದು ಇಲ್ಲಿ. ಜೊತೆಗೆ ಊರೇ ಅರ್ಧ ಸಮ್ಮೇಳನ. ಟಕೋಮಾದಲ್ಲಿ ಗಾಜಿನದ್ದೇ ಮ್ಯೂಸಿಯಂ ಇದೆ. 2016ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್‌ನಲ್ಲಿ ಸಮ್ಮೇಳನ ನಡೆದಾಗ, ಹೋದವರಿಗೆ ಮೂರೂವರೆ ಸಾವಿರ ವರ್ಷದ ಗಾಜಿನ ಚರಿತ್ರೆಯನ್ನೇ ಇಟ್ಟುಕೊಂಡಿರುವ ಮ್ಯೂಸಿಯಂ ನೋಡುವ ಅವಕಾಶವೂ ಸಿಕ್ಕಿತು. ಹಾಗಾಗಿ ಈ ಸಂಘದ ವಿಷಯದಲ್ಲಿ ನನ್ನ ಸಲಹೆ, ಪ್ರತಿ ವರ್ಷದ ಊರು ನೋಡಿ ತೀರ್ಮಾನಿಸಿ. ಕಿಲ್ನ್ ಗಾಜಿನ ಒಳ್ಳೆಯ ಸಂಗ್ರಹವೋ ಶಾಲೆಯೋ ಇರುವ ಊರಿಗೆ ಬಂದ ವರ್ಷ ಹೋಗಿ.

ಆಸ್ಟ್ರೇಲಿಯಾದ ಆಸ್‌ಗ್ಲಾಸ್

ನಮ್ಮಲ್ಲಿ ಕಿಲ್ನ್ ಗಾಜು ಅಂದರೆ ಎಲ್ಲರ ಕಣ್ಣೂ ಅಮೆರಿಕದ ಕಡೆಗೇ ಹೋಗುತ್ತದೆ. ಆಸ್ಟ್ರೇಲಿಯಾ ಯಾರಿಗೂ ನೆನಪಾಗುವುದಿಲ್ಲ. ಇದು ಸರಿಯಲ್ಲ. ಮೇಲೆ ಹೇಳಿದ ಕ್ಲಾಸ್ ಮೋಯೆ 1982ರಲ್ಲಿ ಕ್ಯಾನ್‌ಬೆರಾದ ಕಲಾಶಾಲೆಗೆ ಬಂದು ಗಾಜಿನ ವಿಭಾಗ ಕಟ್ಟಿದರು. ಅಲ್ಲಿ ಮೊದಲಿನಿಂದಲೂ ಕಿಲ್ನ್ ಕೆಲಸಕ್ಕೆ, ಕೋಲ್ಡ್ ವರ್ಕಿಂಗ್‌ಗೆ ದೊಡ್ಡ ಸ್ಥಾನ. ಬೇರೆ ಕಡೆ ಊದುವವರ ನೆರಳಲ್ಲಿ ಬೆಳೆದ ಕಲೆ ಅಲ್ಲಿ ತನ್ನದೇ ಕಾಲ ಮೇಲೆ ನಿಂತಿತು. ಕರ್ಸ್ಟಿ ರಿಯಾ, ಜೆಸಿಕಾ ಲೋಕ್ಲಿನ್, ಜೈಲ್ಸ್ ಬೆಟಿಸನ್ ಅವರಂಥವರು ಆ ಶಾಲೆಯಿಂದ ಬಂದವರು. ಲೋಕ್ಲಿನ್ ಅವರ ಫಲಕಗಳನ್ನು ನೋಡಿ. ದೂರದ ದಿಗಂತ, ನೀರು, ಮಂಜು ಮಾತ್ರ ಇರುವ ಹಾಗೆ ಕಾಣುತ್ತದೆ. ಎಲ್ಲ ಗಾಜಿನ ಪುಡಿ ಮತ್ತು ತೆಳು ಪದರಗಳ ಕೆಲಸ. ಬಣ್ಣ ಜಾಸ್ತಿ ಹಾಕುವ ಚಪಲ ಇರುವ ನಮ್ಮಂಥವರು ಎದುರಿಗೆ ನಿಂತು ನೋಡಲೇಬೇಕು.

ಆಸ್‌ಗ್ಲಾಸ್ 1978ರಲ್ಲಿ ಶುರುವಾದ ಅಲ್ಲಿನ ಗಾಜಿನ ಕಲಾವಿದರ ಸಂಘ. ಸಮ್ಮೇಳನ ಬೇರೆ ಬೇರೆ ನಗರಗಳಲ್ಲಿ ನಡೆಯುತ್ತ ಬಂದಿದೆ. ಎಲ್ಲ ಬಗೆಯ ಗಾಜಿಗೂ ಜಾಗ ಇದ್ದರೂ ಆ ದೇಶದಲ್ಲಿ ಕಿಲ್ನ್‌ನವರದ್ದು ಗಟ್ಟಿ ದನಿ. ಇದು ಅಮೆರಿಕದ ಕೂಟಕ್ಕಿಂತ ಚಿಕ್ಕದು, ಒಬ್ಬರಿಗೊಬ್ಬರು ಪರಿಚಯ ಇರುವವರು. ಹೊಸಬರು ಹೋಗಿ ಮಾತಾಡಿಸುವುದು ಸುಲಭ. ಕ್ಯಾನ್‌ಬೆರಾದಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದಲ್ಲಿ 2007ರಲ್ಲಿ ತೆರೆದ ಕ್ಯಾನ್‌ಬೆರಾ ಗ್ಲಾಸ್‌ವರ್ಕ್ಸ್ ಇದೆ. ಸಮ್ಮೇಳನ ಯಾವ ನಗರದಲ್ಲೇ ಇರಲಿ, ಎರಡು ದಿನ ಮಿಗಿಸಿ ಅಲ್ಲಿಗೊಮ್ಮೆ ಹೋಗಿಬನ್ನಿ. ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ 2022ರಲ್ಲಿ ಶುರುವಾಯಿತು. ಸಿಡ್ನಿಯಿಂದ ಕ್ಯಾನ್‌ಬೆರಾ 300 ಕಿ.ಮೀ. ಒಳಗೇ, ಬಸ್ಸಿನಲ್ಲಿ ಹೋಗಬಹುದು. ಪೋರ್ಟ್‌ಲ್ಯಾಂಡಿಗೆ ಎರಡು ವಿಮಾನ ಬದಲಿಸಿ ಹೋಗುವುದಕ್ಕಿಂತ ಎಷ್ಟೋ ಹಗುರ.

ಮೇಳಗಳು

ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಗ್ಲಾಸ್‌ಟೆಕ್ ಉದ್ಯಮದ ಮೇಳ. ಕಟ್ಟಡಗಳಿಗೆ ದೊಡ್ಡ ಫಲಕ ಮಾಡುವವರು, ಗಾಜು ಬಗ್ಗಿಸುವ, ಗಟ್ಟಿಗೊಳಿಸುವ ಯಂತ್ರ ಕೊಳ್ಳುವವರು ಹೋಗಬೇಕಾದದ್ದು. ಸ್ಟುಡಿಯೋ ಕಲಾವಿದರಿಗೆ ಅಲ್ಲಿ ಕಾಲು ನೋವೇ ಜಾಸ್ತಿ. ಅಮೆರಿಕದಲ್ಲಿ ಅಂಗಡಿ ಮತ್ತು ತರಗತಿ ಎರಡೂ ಸೇರಿದ ಕರಕುಶಲ ಮೇಳಗಳೂ ಇವೆ. ದುಡ್ಡು ಕಟ್ಟಿ ಒಂದು ದಿನದ ತರಗತಿಗೆ ಸೇರಬಹುದು, ಹೊಸ ಉಪಕರಣ ಕೈಯಲ್ಲಿ ಹಿಡಿದು ನೋಡಬಹುದು. ಅಮೆರಿಕದಲ್ಲೇ ಇದ್ದು ವಾರಾಂತ್ಯಕ್ಕೆ ಹವ್ಯಾಸವಾಗಿ ಮಾಡುವವರಿಗೆ ಚೆನ್ನಾಗಿದೆ. ಅದಕ್ಕಾಗಿ ಭಾರತದಿಂದ ಹೋಗುವುದು ಬೇಡ.

ಸಮ್ಮೇಳನ ಬಿಟ್ಟು ಕಾರ್ಯಾಗಾರ?

ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ನಿಮ್ಮ ಸಮಸ್ಯೆ ಕಿಲ್ನ್ ಒಳಗಿದ್ದರೆ ಸಮ್ಮೇಳನ ಅದನ್ನು ಬಗೆಹರಿಸುವುದಿಲ್ಲ. ಗುಳ್ಳೆ ಬರುತ್ತಿದೆ, ಮೇಲ್ಮೈ ಮಂಕಾಗುತ್ತಿದೆ, ಎರಡು ವಾರ ಚೆನ್ನಾಗಿದ್ದ ತಟ್ಟೆ ರಾತ್ರೋರಾತ್ರಿ ಸೀಳಿತು ಅನ್ನುವವರು ಕಾರ್ಯಾಗಾರಕ್ಕೆ ಸೇರಿ. ಸಿಯಾಟಲ್ ಉತ್ತರಕ್ಕಿರುವ ಪಿಲ್ಚಕ್ ಶಾಲೆ 1971ರಿಂದ ಇದೆ. ಅಲ್ಲಿ ಬೇಸಿಗೆಯಲ್ಲಿ ಉಳಿದುಕೊಂಡು ಕಲಿಯಬಹುದು. ಕಾರ್ನಿಂಗ್ ಮ್ಯೂಸಿಯಂನ ‘ದ ಸ್ಟುಡಿಯೋ’ 1996ರಲ್ಲಿ ಶುರುವಾಯಿತು, ಕಿಲ್ನ್ ತರಗತಿಗಳೂ ಇರುತ್ತವೆ. ಎರಡೂ ಕಡೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅವಕಾಶ ಇದೆ.

ಮೊದಲ ಎರಡು ಮೂರು ವರ್ಷದಲ್ಲಿರುವವರಿಗೆ ಅಷ್ಟು ದೂರವೂ ಬೇಡ. ಕಂಪನಿಗಳು ಬರೆದಿಟ್ಟ ಉಚಿತ ಟಿಪ್ಪಣಿಗಳು, ಅನೀಲಿಂಗ್ (ಒಳಗೆ ಒತ್ತಡ ಉಳಿಯದಂತೆ ಗಾಜನ್ನು ನಿಧಾನವಾಗಿ ತಣಿಸುವುದು) ಚಾರ್ಟ್‌ಗಳು ಬಹಳ ಒಳ್ಳೆಯವು. ಬುಲ್ಸ್‌ಐ ಗಾಜಿಗೆ ಅನೀಲಿಂಗ್ ಉಷ್ಣಾಂಶ 482 ಡಿಗ್ರಿ. ಎಲ್ಲ ಕಡೆ ಸಮ ದಪ್ಪ ಇರುವ 12 ಮಿ.ಮೀ. ತುಂಡಾದರೆ ಅಲ್ಲಿ 2 ಗಂಟೆ ನಿಲ್ಲಿಸಬೇಕು, 25 ಮಿ.ಮೀ.ಗೆ 4 ಗಂಟೆ, 50 ಮಿ.ಮೀ.ಗೆ 8 ಗಂಟೆ. ಅಲ್ಲಿಂದ ಕೆಳಗೆ ಇಳಿಸುವ ವೇಗವೂ ದಪ್ಪ ಹೆಚ್ಚಿದಂತೆ ಕಮ್ಮಿಯಾಗಬೇಕು. ಇದನ್ನು ಪಾಲಿಸಿಯೂ ಸೀಳುತ್ತಿದ್ದರೆ ಎರಡು ಪೋಲರೈಸಿಂಗ್ ಫಿಲ್ಮ್ ತನ್ನಿ. ಒಂದನ್ನು ದೀಪದ ಮುಂದೆ ಇಡಿ, ಇನ್ನೊಂದನ್ನು ಬೆಳಕು ಕತ್ತಲಾಗುವ ತನಕ ತಿರುಗಿಸಿ, ನಡುವೆ ಗಾಜು ಹಿಡಿಯಿರಿ. ಬೆಸೆದ ತುಂಡಿನ ಸುತ್ತ ಬೆಳ್ಳನೆಯ ಹೊಳಪು ಕಂಡರೆ ಒಳಗೆ ಒತ್ತಡ ಉಳಿದಿದೆ ಅಂತ ಅರ್ಥ. ಹೊಳಪು ಬಣ್ಣದ ತುಂಡಿನ ಅಂಚಿಗೇ ಅಂಟಿಕೊಂಡಿದ್ದರೆ ಎರಡು ಗಾಜು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಮೊದಲು ಅನುಮಾನಿಸಿ. ಮೂಲೆಗಳಲ್ಲಿ, ಹೊರ ಅಂಚಿನುದ್ದಕ್ಕೂ ಹರಡಿದ್ದರೆ ಅನೀಲಿಂಗ್ ಸಾಲದು. ಇಷ್ಟು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಇದನ್ನೆಲ್ಲ ಮಾಡಿ, ಆಮೇಲೂ ಪ್ರಶ್ನೆ ಉಳಿದರೆ, ಅದು ಸಮ್ಮೇಳನಕ್ಕೆ ತೆಗೆದುಕೊಂಡು ಹೋಗಲು ಯೋಗ್ಯವಾದ ಪ್ರಶ್ನೆ.

ಹಾಗಾದರೆ ಯಾರು ಎಲ್ಲಿಗೆ?

90 ಗಾಜಿನಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿ, ತಂತ್ರ ಕೈಗೆ ಬಂದಿದೆ, ಇನ್ನು ಹೊಸದೇನು ಹೇಳುವುದು ಅಂತ ಹುಡುಕುತ್ತಿರುವವರಿಗೆ ಬೀಕಾನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅದರ ಮುಂಚೆಯೋ ಆಮೇಲೋ ಇರುವ ಕಾರ್ಯಾಗಾರಕ್ಕೂ ಸೇರಿಕೊಳ್ಳಿ, ಅಷ್ಟು ದೂರ ಹೋಗಿ ಬರೀ ಕುರ್ಚಿಯಲ್ಲಿ ಕೂತು ಬರುವುದು ನಷ್ಟ. ಹಿಲ್ಸ್‌ಬರೋ, ಬೀವರ್ಟನ್ ಕಡೆ ಇರುವವರಿಗಂತೂ ಕಾರಿನಲ್ಲಿ ಹೋಗಿ ಬರುವ ದೂರ. ಅವರು ಎರಡನೇ ವರ್ಷದಲ್ಲೇ ಹೋದರೂ ಕಳೆದುಕೊಳ್ಳುವುದೇನಿಲ್ಲ.

ದಪ್ಪ ಕಾಸ್ಟಿಂಗ್ ಮಾಡುವವರು, ಮೇಣದ ಮೂರ್ತಿ ಮಾಡಿ ಪ್ಲಾಸ್ಟರ್ ಮತ್ತು ಸಿಲಿಕಾದ ಅಚ್ಚು ಹೊಯ್ಯುವವರು, ಕಾರ್ಯಕ್ರಮಪಟ್ಟಿ ಬಂದ ಮೇಲೆ ನಿರ್ಧರಿಸಿ. ಹಾಳೆ ಬೆಸೆಯುವವರಿಗೂ ಕಾಸ್ಟಿಂಗ್‌ನವರಿಗೂ ಸಮಸ್ಯೆಗಳೇ ಬೇರೆ. ಪಟ್ಟಿಯಲ್ಲಿ ಕಾಸ್ಟಿಂಗ್ ಬಗ್ಗೆ ಒಂದೇ ಒಂದು ಉಪನ್ಯಾಸ ಇದ್ದರೆ ಆ ವರ್ಷ ಬಿಟ್ಟುಬಿಡಿ. ಒಂದು ಅಚ್ಚು ಸುಡಲು ಒಂದು ವಾರ ತೆಗೆದುಕೊಳ್ಳುವವರಿಗೆ ಮುಂದಿನ ಸಮ್ಮೇಳನದ ತನಕ ಕಾಯುವುದು ಕಷ್ಟವಾಗಲಾರದು.

ಗ್ಯಾಲರಿ, ರೆಸಿಡೆನ್ಸಿ, ಪಾಠ ಹೇಳುವ ಕೆಲಸ ಹುಡುಕುವವರಿಗೆ ಗ್ಲಾಸ್ ಆರ್ಟ್ ಸೊಸೈಟಿ. ವಿದ್ಯಾರ್ಥಿಗಳಿಗೂ ಅದೇ ಸರಿ, ಯಾಕೆಂದರೆ ಯಾವ ಬಗೆಯ ಗಾಜು ತಮಗೆ ಒಗ್ಗುತ್ತದೆ ಅನ್ನುವುದೇ ಇನ್ನೂ ಖಚಿತವಾಗಿರುವುದಿಲ್ಲ. ಫ್ಲೋಟ್ ಗಾಜಿನಲ್ಲಿ ಕಟ್ಟಡಕ್ಕೆ ಫಲಕ ಮಾಡುವವರು ಒಂದು ಸಲ ಗ್ಲಾಸ್‌ಟೆಕ್ ನೋಡಿಬರಲಿ. ಬಣ್ಣಕ್ಕಿಂತ ರೂಪ, ಬೆಳಕು, ಮೇಲ್ಮೈ ಬಗ್ಗೆ ಯೋಚಿಸುವವರಿಗೆ ಆಸ್ಟ್ರೇಲಿಯಾ. ಭಾರತದಿಂದ ಒಂದೇ ಒಂದು ಸಲ ಹೋಗಲು ಸಾಧ್ಯ, ಎಲ್ಲಿಗೆ ಅಂತ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ಹೊರಡುವ ಮುಂಚೆ

ಎರಡು ವರ್ಷಕ್ಕೊಮ್ಮೆ ನಡೆಯುವ ಕೂಟಗಳ ದಿನಾಂಕ ಹಿಂದೆಮುಂದೆ ಆಗುತ್ತಿರುತ್ತದೆ. ಸಂಘಟಕರು ದಿನಾಂಕ ಪ್ರಕಟಿಸುವ ತನಕ ಟಿಕೆಟ್ ಕೊಳ್ಳಬೇಡಿ. ಅಮೆರಿಕದ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅದನ್ನು ಮೊದಲೇ ಮಾಡಿಸಿಕೊಳ್ಳಿ. ಸಮ್ಮೇಳನಕ್ಕೆ ಹೋಗುವುದು ಬಿ-1 ವೀಸಾದ ಅಡಿಯಲ್ಲಿ ಬರುತ್ತದೆ. ವೀಸಾ ಸಿಗದಿದ್ದರೆ ನೋಂದಣಿ ಹಣ ವಾಪಸ್ ಕೊಡುತ್ತೀರಾ ಅಂತ ಕಟ್ಟುವ ಮುಂಚೆಯೇ ಇ-ಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ನಿಮ್ಮ ಕೆಲಸದ ಫೋಟೋ ಫೋನಿನಲ್ಲಿ ಇದ್ದೇ ಇರುತ್ತದೆ. ಅದರ ಜೊತೆ ಗಾಜನ್ನೂ ತೆಗೆದುಕೊಂಡು ಹೋಗಿ. 10 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಒಂದು ಬಿಲ್ಲೆ ಸುಮಾರು 150 ಗ್ರಾಂ ತೂಗುತ್ತದೆ. ಹತ್ತು ಬಿಲ್ಲೆ ಒಯ್ದರೂ ಒಂದೂವರೆ ಕಿಲೋ. ಅಂಚು ಉಜ್ಜಿ ದುಂಡಗೆ ಮಾಡಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ. ಪ್ರತಿ ಬಿಲ್ಲೆಯ ಹಿಂದೆ ಸಂಖ್ಯೆ ಬರೆದು, ಆ ಸಂಖ್ಯೆಗೆ ತಕ್ಕ ಫೈರಿಂಗ್ ವಿವರ, ಅಂದರೆ ಗಂಟೆಗೆ ಎಷ್ಟು ಡಿಗ್ರಿ ಏರಿಸಿದಿರಿ, ಎಲ್ಲಿ ಎಷ್ಟು ಹೊತ್ತು ನಿಲ್ಲಿಸಿದಿರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿಸಿ. ಅಮೆರಿಕದವರಿಗೆ ಫ್ಯಾರನ್‌ಹೀಟ್ ರೂಢಿ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಸರಿಯಾಗಿ ಬಂದ ಬಿಲ್ಲೆಗಳ ಜೊತೆ ಕೆಟ್ಟ ಎರಡನ್ನೂ ಇಟ್ಟುಕೊಳ್ಳಿ. ಊಟದ ಮೇಜಿನ ಮೇಲೆ ಬಿಲ್ಲೆ ಇಟ್ಟರೆ ಅಕ್ಕಪಕ್ಕದವರು ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ.

ವಾಪಸ್ ಬರುವಾಗ ಗಾಜು ತರುವ ಆಸೆ ಎಲ್ಲರಿಗೂ ಇರುತ್ತದೆ. 3 ಮಿ.ಮೀ. ಹಾಳೆ ಒಂದು ಚದರ ಮೀಟರ್‌ಗೆ ಏಳೂವರೆ ಕಿಲೋ. 23 ಕಿಲೋ ಸೂಟ್‌ಕೇಸಿನಲ್ಲಿ ಬಟ್ಟೆ, ಪ್ಯಾಕಿಂಗ್ ಎಲ್ಲ ಕಳೆದರೆ ಒಂದೂವರೆ ಚದರ ಮೀಟರ್ ಹಿಡಿದರೆ ಹೆಚ್ಚು. ಅದೂ ಸಣ್ಣ ತುಂಡುಗಳಾಗಿ ಕತ್ತರಿಸಿಕೊಂಡರೆ ಮಾತ್ರ ಕ್ಷೇಮ. ಹಾಗಾಗಿ ಹಾಳೆಯ ಆಸೆ ಬಿಟ್ಟು, ಇಲ್ಲಿ ಸಿಗದ ಎರಡು ಮೂರು ಬಣ್ಣದ ಫ್ರಿಟ್ (ಗಾಜಿನ ಹರಳು, ಪುಡಿ) ತನ್ನಿ. ತಯಾರಕರ ಲೇಬಲ್ ಇರುವ ಡಬ್ಬಿಯಲ್ಲೇ ಇರಲಿ, ಬಿಲ್ ಜೊತೆಗಿರಲಿ, ಕೈಚೀಲದಲ್ಲಿ ಬೇಡ, ಚೆಕ್‌ಇನ್ ಸಾಮಾನಿನಲ್ಲಿ ಹಾಕಿ.